ಹೊಸ್ತಿಲಲ್ಲೇ ನಿಂತ ಕೆಂಪು

ಕಗ್ಗದಾಸಪುರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮೊದಲನೆಯ ಮನೆಯ ಗೋಡೆಯನ್ನು ನೋಡಿದರೆ ಸಾಕು. ಮಿಕ್ಕ ಹತ್ತು ಮನೆಗಳ ಗೋಡೆಯನ್ನು ನೋಡಬೇಕಾದ್ದಿಲ್ಲ. ಅಡುಗೆಮನೆ ಪೂರ್ವಕ್ಕಿದ್ದೀತು, ಪಶ್ಚಿಮಕ್ಕಿದ್ದೀತು. ನಲ್ಲಿಯಲ್ಲಿ ನೀರು ಬಂದೀತು, ಬಾರದಿದ್ದೀತು. ಗೋಡೆಯ ಬಣ್ಣ ಮಾತ್ರ ಒಂದೇ. ಅದನ್ನು ಬಿಳಿ ಎನ್ನೋಣವೆಂದರೆ ಸುಣ್ಣದ ಹೊಳಪು ಅದಕ್ಕಿಲ್ಲ. ಹಳದಿ ಎನ್ನೋಣವೆಂದರೆ ಅರಿಸಿನಕ್ಕೆ ಅವಮಾನ. ಅಂಗಡಿಯವರು ಅದನ್ನು ಐವರಿ ಎನ್ನುತ್ತಾರೆ, ಅಂದರೆ ದಂತವರ್ಣ. ಆನೆಯನ್ನು ಹತ್ತಿರದಿಂದ ಕಂಡವರು ಈ ಹೋಲಿಕೆಯನ್ನು ಒಪ್ಪಲಾರರು. ನೀರು ಹೆಚ್ಚಾದ ಮಜ್ಜಿಗೆಯ ಬಣ್ಣವೆಂದರೆ ಸತ್ಯಕ್ಕೆ ಹತ್ತಿರವಾದೀತು.

ಈ ಬಣ್ಣವನ್ನು ಆರಿಸಿದವರು ಯಾರು? ಆ ಗೋಡೆಗಳ ನಡುವೆ ಊಟ ಮಾಡಿ, ಮಲಗಿ, ಮಕ್ಕಳಿಗೆ ಮಗ್ಗಿ ಹೇಳಿಕೊಡುವವರಂತೂ ಅಲ್ಲ. ಮಾಲೀಕರು ಇಪ್ಪತ್ತು ಲೀಟರಿನ ಡಬ್ಬಗಳನ್ನು ಒಟ್ಟಿಗೆ ತರಿಸುತ್ತಾರೆ. ನಾಲ್ಕು ಮಹಡಿಗೂ ಅದನ್ನೇ ಬಳಿಸುತ್ತಾರೆ. ಒಬ್ಬರು ಖಾಲಿ ಮಾಡಿದಾಗ ಮೊಳೆ ಹೊಡೆದ ತೂತು, ತಲೆ ಒರಗಿದ ಎಣ್ಣೆಯ ಕಲೆ, ಮಗು ಪೆನ್ಸಿಲಿನಿಂದ ಗೀಚಿದ ಸೂರ್ಯ, ಇಷ್ಟನ್ನು ಮುಚ್ಚಿ ಇನ್ನೊಬ್ಬರಿಗೆ ಬೀಗದ ಕೈ ಕೊಡುತ್ತಾರೆ. ಲೆಕ್ಕ ಸರಳವಾಗಿದೆ. ಲೆಕ್ಕದಲ್ಲಿ ತಪ್ಪಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ದುಡ್ಡು ಯಾರದು ಎಂಬ ಪ್ರಶ್ನೆಯನ್ನು ಕೇಳದೆ ಇರಲಾಗದು.

ಬೆಂಗಳೂರಿನ ಪದ್ಧತಿಯನ್ನು ಬಲ್ಲವರೆಲ್ಲ ಬಲ್ಲರು. ಬಹಳ ಕಾಲ ಇಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಪಡೆಯುವುದು ರೂಢಿಯಾಗಿತ್ತು. ಈಗ ಕೆಲವರು ಕಡಿಮೆ ಮಾಡಿದ್ದಾರೆ, ಕೆಲವರು ಮಾಡಿಲ್ಲ. ಮನೆ ಬಿಡುವಾಗ ಅದರಿಂದ ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುತ್ತಾರೆ. ಕಾರಣ ಕೇಳಿದರೆ ‘ಪೇಂಟಿಂಗಿಗೆ’ ಎಂಬ ಒಂದೇ ಉತ್ತರ. ಎರಡು ವರ್ಷ ಇದ್ದವನಿಗೂ ಒಂದು ತಿಂಗಳು, ಹನ್ನೊಂದು ತಿಂಗಳು ಇದ್ದವನಿಗೂ ಒಂದು ತಿಂಗಳು. ಬಣ್ಣ ನಿಜವಾಗಿ ಹೊಡೆಸಿದರೆ ಇಲ್ಲವೆ ಎಂದು ನೋಡಲು ಹಿಂದಿರುಗಿ ಹೋಗುವವರು ಯಾರು? ೨೦೨೧ರಲ್ಲಿ ಕೇಂದ್ರ ಮಂತ್ರಿಮಂಡಲ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಯ ಠೇವಣಿಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಹಾಕಿದೆ. ಅದರ ಅನುಬಂಧದಲ್ಲಿ ಗೋಡೆಗೆ ಸುಣ್ಣ ಹೊಡೆಸುವುದನ್ನೂ ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿಸುವುದನ್ನೂ ಮಾಲೀಕನ ಹೊಣೆಗಳ ಪಟ್ಟಿಯಲ್ಲಿಯೇ ಇಟ್ಟಿದೆ. ಆದರೆ ಅದು ಮಾದರಿ. ರಾಜ್ಯಗಳು ತಮ್ಮದಾಗಿ ಮಾಡಿಕೊಂಡ ಹೊರತು ಮಾದರಿಯು ಗಾಜಿನ ಪೆಟ್ಟಿಗೆಯಲ್ಲಿರುವ ಮಾದರಿಯೇ.

ಆದ್ದರಿಂದ ನನ್ನ ವಾದದ ಮೊದಲ ಭಾಗ ಇದು. ಬಣ್ಣಕ್ಕೆ ಹಣ ಕೊಡುವವನು ಬಾಡಿಗೆದಾರ. ಹೋಗುವಾಗ ಕೊಡುವ ಹಣಕ್ಕೆ ಬರುವಾಗ ಒಂದು ಬಣ್ಣವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗೆ ಇರಬೇಕು. ಸೀರೆಗೆ ದುಡ್ಡು ಕೊಟ್ಟವರು ಸೀರೆಯ ಬಣ್ಣ ನೋಡುತ್ತಾರೆ. ಬದನೆಕಾಯಿಗೆ ದುಡ್ಡು ಕೊಟ್ಟವರು ತಿರುಗಿಸಿ ಮುರುಗಿಸಿ ನೋಡುತ್ತಾರೆ. ಜೀವನದ ಅರ್ಧವನ್ನು ಕಳೆಯುವ ನಾಲ್ಕು ಗೋಡೆಗಳ ವಿಷಯದಲ್ಲಿ ಮಾತ್ರ ನಾವು ಬಾಯಿ ಮುಚ್ಚಿಕೊಂಡಿರುವುದೇಕೆ?

ಆ ಸ್ವಾತಂತ್ರ್ಯ ಸಿಕ್ಕಿತೆನ್ನಿ. ಯಾವ ಬಣ್ಣ? ನಾನು ಕೆಂಪಿನ ಪಕ್ಷದವನು. (ಇದು ರಾಜಕೀಯದ ಮಾತಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.) ಕೆಂಪೆಂದರೆ ರಕ್ತದ ಕೆಂಪಲ್ಲ, ಟೊಮೇಟೊ ಕೆಂಪಲ್ಲ, ಅಂಚೆಯ ಡಬ್ಬದ ಕೆಂಪೂ ಅಲ್ಲ. ನಮ್ಮವರು ಕಾವಿ, ಕೆಮ್ಮಣ್ಣು, ಹುರುಮಂಜಿ ಎಂದು ನಾನಾ ಹೆಸರಿನಿಂದ ಕರೆದಿರುವ, ಹಳದಿಯ ಕಡೆಗೆ ಸ್ವಲ್ಪ ವಾಲಿರುವ, ಕಾದ ಹೆಂಚಿನ ಕೆಂಪು.

ಇದಕ್ಕಾಗಿ ದೂರ ಹೋಗಬೇಕಾದ್ದಿಲ್ಲ. ಕಗ್ಗದಾಸಪುರದಲ್ಲಿ ಹೊಸ ಕಟ್ಟಡಕ್ಕೆ ಪಾಯ ತೆಗೆಯುವ ದಿನ ಹೋಗಿ ನಿಲ್ಲಿ. ಮೇಲಿನ ಕಸ ಕಲ್ಲು ಸರಿದ ಮೇಲೆ ಹೊರಬರುವುದು ಅದೇ ಕೆಂಪು. ಬೆಂಗಳೂರಿನ ಪೂರ್ವಕ್ಕೆ ಕೋಲಾರದವರೆಗೆ ನೆಲವೆಲ್ಲ ಆ ಬಣ್ಣದ್ದೇ. ಹಳೆಯ ಬಂಡೆ ಸಾವಿರಾರು ವರ್ಷ ಮಳೆ ಬಿಸಿಲುಗಳಿಗೆ ಕರಗಿ ಮಣ್ಣಾಗಿ, ಅದರಲ್ಲಿದ್ದ ಕಬ್ಬಿಣ ಗಾಳಿಯೊಡನೆ ಸೇರಿ ಕೆಂಪಾಗಿದೆ. ಲಾರಿಗಳು ಆ ಮಣ್ಣನ್ನು ರಾತ್ರೋರಾತ್ರಿ ಹೊತ್ತುಕೊಂಡು ಹೋಗುತ್ತವೆ. ಆಮೇಲೆ ಅಲ್ಲಿ ನಾಲ್ಕು ಮಹಡಿ ಏಳುತ್ತದೆ. ಒಳಗೆಲ್ಲ ಮಜ್ಜಿಗೆಯ ಬಣ್ಣ, ಕೆಳಗೆಲ್ಲ ಬಿಳಿ ಟೈಲು. ಊರಿನ ಬಣ್ಣವನ್ನು ಹೊರಗೆ ಸಾಗಿಸಿ, ಯಾವ ಊರಿನದೂ ಅಲ್ಲದ ಬಣ್ಣವನ್ನು ಒಳಗೆ ತಂದಂತಾಯಿತು.

ನಮ್ಮ ಹಿರಿಯರ ಮನೆಗಳಲ್ಲಿ ಹೀಗಿರಲಿಲ್ಲ. ಸಾಗರ ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಗೋಡೆಗೆ ಕೆಮ್ಮಣ್ಣು ಸಾರಿಸಿ, ಒಣಗಿದ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಗೆರೆಗಳನ್ನೆಳೆದು ಹಸೆ ಬರೆಯುತ್ತಾರೆ. ಮದುವೆಯ ಹೆಣ್ಣು ಗಂಡು ಕೂಡುವುದು ಆ ಕೆಂಪಿನ ಮುಂದೆ. ಕರಾವಳಿಯ ದೇವಸ್ಥಾನಗಳಲ್ಲಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಬಳಿದು, ಅದು ಹಸಿಯಾಗಿರುವಾಗಲೇ ಮೊನೆಯ ಸಲಾಕೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುವ ಕಾವಿ ಕಲೆ ಇದೆ. ಇಲ್ಲಿ ಹಲಸೂರಿನ ಹಳೆಯ ಬೀದಿಗಳಲ್ಲಿ, ದಂಡಿನ ಬಂಗಲೆಗಳಲ್ಲಿ ಕೆಂಪು ನೆಲವಿತ್ತು. ಉಳಿದ ಕಡೆ ಇನ್ನೂ ಇದೆ. ಗೋಡೆಯ ಕೆಳಗಿನ ಮೂರಡಿ ಕಾವಿ, ಮೇಲೆ ಸುಣ್ಣ, ಇದು ಹಳ್ಳಿಯ ಮನೆಗೂ ಶಾಲೆಗೂ ಚಾವಡಿಗೂ ಒಂದೇ ಆಗಿದ್ದ ಪದ್ಧತಿ. ಅದು ಅಲಂಕಾರಕ್ಕೆಂದು ಹುಟ್ಟಿದ್ದಲ್ಲ. ನೆಲಕ್ಕೆ ಕೂತು ಗೋಡೆಗೆ ಬೆನ್ನು ಕೊಡುವ ಜನ ನಾವು. ಎಣ್ಣೆ ತಲೆ, ಕೆಸರುಗಾಲು, ಪೊರಕೆಯ ಧೂಳು, ಇವೆಲ್ಲ ತಗುಲುವುದು ಆ ಮೂರಡಿಗೇ. ಅಲ್ಲಿ ಕಾವಿ, ಬೆಳಕು ಬೇಕಾದಲ್ಲಿ ಸುಣ್ಣ. ಇದಕ್ಕಿಂತ ವಿವೇಕದ ಗೃಹಾಲಂಕಾರವನ್ನು ಯಾವ ಬಣ್ಣದ ಅಂಗಡಿಯೂ ಇದುವರೆಗೆ ಮಾರಿಲ್ಲ.

ಈಗಿನ ಸ್ಥಿತಿ ನೋಡಿ. ೧೮೬೮ರ ಅಠಾರಾ ಕಚೇರಿ ಕೆಂಪಗಿದೆ; ೧೮೭೭ರ ವಸ್ತುಸಂಗ್ರಹಾಲಯ ಕೆಂಪಗಿದೆ; ಕಬ್ಬನ್ ಪಾರ್ಕಿನೊಳಗೆ ೧೯೧೫ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅಂದರೆ ನಮ್ಮ ಪುಸ್ತಕ ಭಂಡಾರ, ಕೆಂಪಗಿದೆ. ಭಾನುವಾರ ಅವುಗಳ ಮುಂದೆ ಹೆಂಡತಿ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆದುಕೊಳ್ಳುತ್ತೇವೆ. ‘ಎಷ್ಟು ಚೆನ್ನಾಗಿದೆ’ ಎನ್ನುತ್ತೇವೆ. ಮನೆಗೆ ಬಂದರೆ ನಾಲ್ಕನೆಯ ಮಹಡಿಯ ಹೊಸ್ತಿಲಿನ ಮುಂದೆ ಕೆಂಪು ಹಿನ್ನೆಲೆಯ ಮೇಲೆ ಬಿಳಿ ರಂಗೋಲಿ ಅಚ್ಚಾದ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿದೆ. ಅಂಟಿಸಿದವರ ಮನಸ್ಸಿನಲ್ಲಿ ಕೆಮ್ಮಣ್ಣು ಸಾರಿಸಿದ ಅಂಗಳದ ನೆನಪಿದೆ. ಅದಿಲ್ಲದಿದ್ದರೆ ಆ ಹಾಳೆಯನ್ನು ಯಾರು ಕೊಳ್ಳುತ್ತಿದ್ದರು? ಆದರೆ ಕೆಂಪು ಅಲ್ಲಿಗೇ ನಿಂತಿತು. ಒಳಗೆ ಬರಲು ಅದಕ್ಕೆ ಅಪ್ಪಣೆಯಿಲ್ಲ.

ಕೆಂಪಿನ ಮೇಲೆ ಹೊರಿಸಿರುವ ಆಪಾದನೆಗಳು ಹಲವು. ಮೊದಲನೆಯದು, ಕೋಣೆ ಚಿಕ್ಕದಾಗಿ ಕಾಣುತ್ತದೆ ಎಂಬುದು. ಇದರಲ್ಲಿ ಸ್ವಲ್ಪ ಸತ್ಯವಿದೆ. ಒಳ್ಳೆಯ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತಕ್ಕೆ ಎಂಟು ಪಾಲನ್ನು ಹಿಂದಕ್ಕೆ ಕೊಟ್ಟರೆ, ಗಾಢವಾದ ಕಾವಿ ಒಂದೆರಡು ಪಾಲು ಮಾತ್ರ ಕೊಡುತ್ತದೆ. ಅದಕ್ಕೇ ಅಲ್ಲವೆ ಹಿರಿಯರು ಅದನ್ನು ಮೂರಡಿಗೆ ನಿಲ್ಲಿಸಿದ್ದು? ಹತ್ತಡಿ ಚೌಕದ ಕೋಣೆಗೆ ಸೂರಿನ ತನಕ ಕೆಂಪು ಬಳಿದು, ಆಮೇಲೆ ಉಸಿರು ಕಟ್ಟುತ್ತದೆಂದು ಗೊಣಗಿದರೆ ತಪ್ಪು ಬಣ್ಣದ್ದಲ್ಲ. ಎರಡನೆಯದು, ಕೆಂಪು ಬಳಿದರೆ ಸೆಕೆಯಾಗುತ್ತದೆ ಎಂಬುದು. ಮನೆ ಕಾಯುವುದು ತಾರಸಿಯಿಂದ, ಪಡುವಣ ಗೋಡೆಯಿಂದ, ಗಾಜಿನ ಕಿಟಕಿಯಿಂದ. ಹೊರಗೋಡೆಗೆ ಗಾಢ ಬಣ್ಣ ಬಳಿದರೆ ಬಿಸಿಲನ್ನು ಹೀರುವುದು ನಿಜ. ಒಳಗೋಡೆಯ ಮೇಲೆ ಬಿಸಿಲೇ ಬೀಳದಿರುವಾಗ ಅದು ಕೆಂಪಗಿದ್ದರೇನು, ನೀಲಿಯಾಗಿದ್ದರೇನು? ಮೂರನೆಯದು ವಾಸ್ತುವಿನ ಮಾತು: ಆಗ್ನೇಯದಲ್ಲಾದರೆ ಸರಿ, ಈಶಾನ್ಯದಲ್ಲಾದರೆ ಗಂಡಾಂತರ. ಕುಂಕುಮದ ಬಟ್ಟಲು ಮನೆಯ ಯಾವ ಮೂಲೆಯಲ್ಲಿದ್ದರೂ ಶುಭವೇ ಎಂದು ನಂಬಿದ ಜನಕ್ಕೆ ಈ ಭಯವನ್ನು ಹೇಗೆ ಮಾರಿದರೋ ತಿಳಿಯದು. ಇನ್ನು ಕೆಂಪು ಕಂಡರೆ ಕೋಪ ಬರುತ್ತದೆ, ರಕ್ತದ ಒತ್ತಡ ಏರುತ್ತದೆ ಎಂಬ ಮನಶ್ಶಾಸ್ತ್ರವೊಂದಿದೆ. ಈ ವಿಷಯದಲ್ಲಿ ನಡೆದ ಪರೀಕ್ಷೆಗಳ ಫಲ ಒಂದಕ್ಕೊಂದು ಹೊಂದುವುದಿಲ್ಲ. ಕೆಂಪು ನೆಲದ ಮೇಲೆ ಹುಟ್ಟಿ, ಅಂಬೆಗಾಲಿಟ್ಟು, ಅದರ ಮೇಲೆಯೇ ಮಧ್ಯಾಹ್ನ ನಿದ್ದೆ ಹೊಡೆದ ತಲೆಮಾರು ನಮಗಿಂತ ಹೆಚ್ಚು ಸಿಡುಕಿನದಾಗಿತ್ತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇವೆಲ್ಲ ಮೇಲುಮೇಲಿನ ಮಾತು. ಮಾಲೀಕರಿಗೆ ಕೆಂಪನ್ನು ಕಂಡರೆ ಆಗದಿರುವುದಕ್ಕೆ ನನಗೆ ತೋರುವ ಕಾರಣ ಬೇರೆ. ಕಾವಿ ಬಳಿದ ಗೋಡೆಯಲ್ಲಿ ತೇವ ಏರಿದರೆ ಉಪ್ಪು ಹೂವಿನಂತೆ ಬೆಳ್ಳಗೆ ಅರಳಿ, ಬಂದವರ ಕಣ್ಣಿಗೆ ಹೊಡೆಯುತ್ತದೆ. ಮಜ್ಜಿಗೆ ಬಣ್ಣದ ಗೋಡೆಯಲ್ಲಿ ಆ ಉಪ್ಪು ಕಾಣುವುದೇ ಇಲ್ಲ. ಕೆಂಪು ಸಾಕ್ಷಿ ಹೇಳುವ ಬಣ್ಣ. ಕಟ್ಟಡದ ದೋಷವನ್ನು ಮುಚ್ಚುವುದಕ್ಕೆ ದಂತವರ್ಣದಷ್ಟು ವಿಶ್ವಾಸಿಯಾದ ಸೇವಕ ಸಿಕ್ಕುವುದು ಕಷ್ಟ. ಹಾಗೆಂದು ನೀರಿಳಿಯುವ ಗೋಡೆಗೆ ಕಾವಿ ಬಳಿಯಿರೆಂದು ನಾನು ಹೇಳುತ್ತಿಲ್ಲ. ಮೊದಲು ನೀರನ್ನು ನಿಲ್ಲಿಸಿ ಎನ್ನುತ್ತಿದ್ದೇನೆ.

ಇನ್ನೊಂದು ಕಡೆಯಿಂದಲೂ ಕೆಂಪಿಗೆ ಅಪಚಾರವಾಗುತ್ತಿದೆ. ಅದನ್ನು ಮಾಡುತ್ತಿರುವವರು ಕೆಂಪಿನ ಸ್ನೇಹಿತರೆಂದು ಹೇಳಿಕೊಳ್ಳುವವರು. ಸ್ವಂತ ಫ್ಲ್ಯಾಟು ಕೊಂಡವರ ಮನೆಗಳಲ್ಲಿ ಇದನ್ನು ನೋಡಬಹುದು. ಮೂರು ಗೋಡೆ ಯಥಾಪ್ರಕಾರ. ಟೆಲಿವಿಷನ್ನಿನ ಹಿಂದಿನ ನಾಲ್ಕನೆಯ ಗೋಡೆ ಮಾತ್ರ ಸರ್ಕಸ್ಸಿನ ಡೇರೆಯಂತೆ ಕೆಂಪು, ಅದೂ ಕನ್ನಡಿಯಂತೆ ಮಿರುಗುವ ಕೆಂಪು. ಇದಕ್ಕೆ ‘ಹೈಲೈಟ್’ ಎಂದು ಹೆಸರು. ಬಂದವರು ಅದನ್ನು ನೋಡಿ ‘ಓ’ ಎನ್ನಬೇಕು. ಮನೆಯವರು ಅದಕ್ಕೆ ಮುಖ ಮಾಡಿ ದಿನವೂ ಮೂರು ಗಂಟೆ ಕೂರಬೇಕು. ಆರು ತಿಂಗಳಲ್ಲಿ ಬೇಸರ ಬರುತ್ತದೆ; ಮತ್ತೆ ಮಜ್ಜಿಗೆ. ಕೆಂಪು ಆಗಿಬರಲಿಲ್ಲವೆಂದು ನೆರೆಯವರಿಗೂ ಉಪದೇಶವಾಗುತ್ತದೆ.

ಈ ಪ್ರಖರವಾದ ಕೆಂಪುಗಳ ಒಳಗುಟ್ಟನ್ನು ಬಣ್ಣ ಹೊಡೆಯುವವರನ್ನು ಕೇಳಿದರೆ ಹೇಳುತ್ತಾರೆ. ಅವಕ್ಕೆ ಮುಚ್ಚುವ ಶಕ್ತಿ ಕಡಿಮೆ. ಬಿಳಿಯ ಮೇಲೆ ಮೂರು ನಾಲ್ಕು ಸಲ ಬಳಿದರೂ ಒಳಗಿನದು ಇಣುಕುತ್ತದೆ. ಅದಕ್ಕೆಂದು ಮೊದಲು ಬೂದುಬಣ್ಣದ ಅಸ್ತರು ಕೊಡಬೇಕು. ಅವುಗಳಲ್ಲಿ ಹಲವು ಬಿಸಿಲಿಗೆ ಬಿಳುಚುತ್ತವೆ, ಸುಣ್ಣದ ಕ್ಷಾರಕ್ಕೆ ಕೆಡುತ್ತವೆ. ಕಾವಿ ಹಾಗಲ್ಲ. ಅದು ಕಬ್ಬಿಣದ ಆಕ್ಸೈಡು, ಸರಳ ಮಾತಿನಲ್ಲಿ ತುಕ್ಕಿನ ಬಂಧು. ಈಗಾಗಲೇ ತುಕ್ಕು ಹಿಡಿದದ್ದು ಮತ್ತೇನಾಗಿ ಕೆಡಬೇಕು? ಬಿಸಿಲಿಗೆ ಅಂಜದು, ಸುಣ್ಣದೊಡನೆ ಜಗಳವಾಡದು, ಎರಡು ಸಲದಲ್ಲಿ ಗೋಡೆಯನ್ನು ಮುಚ್ಚುತ್ತದೆ. ಹಳದಿ ಮಣ್ಣನ್ನು ಸುಟ್ಟರೂ ಸಿಕ್ಕುವುದು ಅದೇ. ನೀರಿನಂಶ ಹಾರಿಹೋಗಿ ಹಳದಿ ಕೆಂಪಾಗುತ್ತದೆ. ಇಟ್ಟಿಗೆ, ಮಂಗಳೂರು ಹೆಂಚು, ಅಜ್ಜಿಯ ಮಣ್ಣಿನ ಕುಡಿಕೆ, ಎಲ್ಲವೂ ಒಂದೇ ಮನೆತನ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಸೇರಿರುತ್ತಿದ್ದುದನ್ನೂ ಇಲ್ಲಿ ನೆನೆಯಬೇಕು. ೨೦೧೭ರ ನವೆಂಬರಿನಿಂದ ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ ೯೦ ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂದು ಕಾನೂನಿದೆ. ಕಾವಿಯ ಕೆಂಪು ಸೀಸದಿಂದ ಬಂದದ್ದಲ್ಲ.

ಆದರೂ ‘ನಮ್ಮ ಮನೆಯಲ್ಲಿ ಕೆಂಪು ಬಳಿಸಿದೆವು, ರಾತ್ರಿ ನೋಡಿದರೆ ಕಂದು, ಮಾಸಲು’ ಎಂದು ದೂರುವವರಿದ್ದಾರೆ. ಅವರ ದೂರು ಸುಳ್ಳಲ್ಲ. ಆದರೆ ಅಪರಾಧಿ ಗೋಡೆಯಲ್ಲಿಲ್ಲ, ಸೂರಿನಲ್ಲಿದ್ದಾನೆ. ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪಿದ್ದರೆ ತಾನೆ ಕೆಂಪನ್ನು ಹಿಂದಕ್ಕೆ ಕೊಟ್ಟೀತು? ನಮ್ಮ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಗಾಢ ಕೆಂಪಿನ ಅಂಶ ತೀರ ಕಡಿಮೆ. ನೀಲಿಯಾಗಿ ಬೆಳಗುವ ಅಗ್ಗದ ಎಲ್‌ಇಡಿ ಬಲ್ಬುಗಳದೂ ಅದೇ ಕಥೆ. ಅದರ ಕೆಳಗೆ ಕಾವಿ ಮಂಕಾಗುತ್ತದೆ, ಸಾರು ಬೂದಿಯಾಗುತ್ತದೆ, ಮನುಷ್ಯರ ಮುಖ ಆಸ್ಪತ್ರೆಯದಾಗುತ್ತದೆ. ಜೊತೆಗೆ ಇನ್ನೊಂದು ವಿಚಿತ್ರವಿದೆ. ಬೆಳಕು ಕುಗ್ಗುತ್ತ ಬಂದಂತೆ ಕಣ್ಣಿಗೆ ಮೊದಲು ಕಪ್ಪಾಗಿ ಕಾಣುವುದು ಕೆಂಪು, ಕೊನೆಯವರೆಗೆ ಉಳಿಯುವುದು ನೀಲಿ. ಇದನ್ನು ಬೊಹೀಮಿಯದ ಪುರ್ಕಿನ್ಯೆ ಎಂಬ ವಿದ್ವಾಂಸ ಸುಮಾರು ಇನ್ನೂರು ವರ್ಷಗಳ ಹಿಂದೆ ಗುರುತಿಸಿದ. ಆದ್ದರಿಂದ ಕೆಂಪನ್ನು ಕರೆತರುವವರು ಅದಕ್ಕೆ ತಕ್ಕ ದೀಪವನ್ನೂ ಕರೆತರಬೇಕು. ಡಬ್ಬಿಯ ಮೇಲೆ ೨೭೦೦ರಿಂದ ೩೦೦೦ ಕೆಲ್ವಿನ್ ಎಂದು ಬರೆದಿರುವ ಬೆಚ್ಚನೆಯ ಬಲ್ಬು ಒಂದೆರಡು ಸಾಕು. ಎಣ್ಣೆಯ ದೀಪದ ಕಾಲದಲ್ಲಿ ಕೆಂಪು ನೆಲ ಅಷ್ಟು ಚೆಂದವಾಗಿ ಕಾಣುತ್ತಿದ್ದುದರ ರಹಸ್ಯ ಇದೇ.

ಈ ಮಾತು ಕಗ್ಗದಾಸಪುರದವರಿಗೆ ಹೊಸದಾಗಿರಬಾರದು. ಅವರ ಮಗ್ಗುಲಲ್ಲೇ ಇರುವ ನಗರಕ್ಕೆ ಸರ್ ಸಿ. ವಿ. ರಾಮನ್ ಅವರ ಹೆಸರಿಟ್ಟಿದೆ. ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದನ್ನು ಶಾಲೆಯ ಮಕ್ಕಳೂ ಬಲ್ಲರು. ಬಾಳಿನ ಕೊನೆಯ ದಶಕದಲ್ಲಿ ಆ ಮಹಾನುಭಾವರು, ಬೆಂಗಳೂರಿನಲ್ಲಿ ತಾವೇ ೧೯೪೮ರಲ್ಲಿ ಕಟ್ಟಿದ ಸಂಸ್ಥೆಯಲ್ಲಿ ಕುಳಿತು, ಹೂವುಗಳ ಬಣ್ಣವನ್ನೂ ಅದನ್ನು ಕಾಣುವ ಕಣ್ಣಿನ ರೀತಿಯನ್ನೂ ಪರೀಕ್ಷಿಸುತ್ತಿದ್ದರೆಂಬುದು ಅಷ್ಟು ಜನಕ್ಕೆ ತಿಳಿಯದು. ದೃಷ್ಟಿಯ ವಿಷಯವಾದ ಅವರ ಗ್ರಂಥ ಹೊರಬಂದದ್ದು ೧೯೬೮ರಲ್ಲಿ, ಅವರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ. ಬಣ್ಣವನ್ನು ಅಷ್ಟು ಪ್ರೀತಿಸಿದವರ ಹೆಸರು ಹೊತ್ತ ಬಡಾವಣೆಯ ಸುತ್ತ ಸಾವಿರಾರು ಮನೆಗಳು ಬಣ್ಣವೇ ಇಲ್ಲದೆ ಸಾಲಾಗಿ ನಿಂತಿರುವುದನ್ನು ವಿಧಿಯ ಹಾಸ್ಯವೆನ್ನಬೇಕೊ, ಬ್ರೋಕರುಗಳದೆನ್ನಬೇಕೊ?

ಗೋಡೆಯ ಮಾತಾಯಿತು. ನೆಲದ ಮಾತು ಹೇಳುವಾಗ ಸಿಟ್ಟಿಗಿಂತ ಸಂಕಟ ಹೆಚ್ಚು. ಕೆಂಪು ನೆಲ ಹಾಕುವುದು ಗಾರೆ ಕೆಲಸದಲ್ಲಿ ಎಲ್ಲರ ಕೈಗೂ ಹತ್ತುವ ವಿದ್ಯೆಯಲ್ಲ. ಸಿಮೆಂಟು, ನಯವಾದ ಮರಳು, ಕೆಂಪು ಆಕ್ಸೈಡಿನ ಪುಡಿ, ಇವುಗಳ ಹದ ಕೈಗೆ ತಿಳಿಯಬೇಕು, ಕಣ್ಣಿಗಲ್ಲ. ಒಂದು ಕೋಣೆಯ ನೆಲವನ್ನು ಶುರುಮಾಡಿದರೆ ಮುಗಿಸಿಯೇ ಏಳಬೇಕು. ಊಟಕ್ಕೆಂದು ಎದ್ದುಹೋದರೆ ನಿಂತ ಕಡೆ ಗೆರೆ ಮೂಡುತ್ತದೆ, ಆ ಗೆರೆ ಮನೆ ಇರುವ ತನಕ ಇರುತ್ತದೆ. ಕರಣೆಯಿಂದ ಉಜ್ಜಿ ಉಜ್ಜಿ ಮುಖ ಕಾಣುವಷ್ಟು ನಯಮಾಡಿ, ಆಮೇಲೆ ವಾರಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ಅಷ್ಟಾದರೆ ಮತ್ತೆ ಖರ್ಚಿಲ್ಲ. ವರ್ಷ ಕಳೆದಂತೆ ಮನೆಯವರ ಪಾದಗಳೇ ಅದಕ್ಕೆ ಹೊಳಪು ಕೊಡುತ್ತವೆ. ಬೇಸಿಗೆಯಲ್ಲಿ ಅಂಗಾಲಿಗೆ ತಂಪು. ಜಾರುವ ಭಯ ಟೈಲಿನಷ್ಟಿಲ್ಲ. ಇಂಥ ನೆಲವನ್ನು ಹಾರೆಯಿಂದ ಒಡೆದು ಬಿಳಿ ಟೈಲು ಹಾಸಿದರೆ ಬಾಡಿಗೆ ಎರಡು ಸಾವಿರ ಹೆಚ್ಚು ಬರುತ್ತದೆಂದು ಲೆಕ್ಕ ಹಾಕಿದವರನ್ನು ನಾನೇ ಕಂಡಿದ್ದೇನೆ. ಒಡೆಯುವ ಕೆಲಸದವನು ಅರ್ಧ ದಿನ ಹೊಡೆದು, ಬೆವರೊರೆಸಿಕೊಂಡು, ‘ಇದನ್ನು ಹಾಕಿದವನು ಯಾವನೋ ಪುಣ್ಯಾತ್ಮ, ಬಿಡೋಲ್ಲ ಸ್ವಾಮಿ’ ಎಂದ. ಆ ಮನೆಯ ಯಜಮಾನರಿಗೆ ಆ ಮಾತಿನ ಅರ್ಥ ಕೂಲಿ ಹೆಚ್ಚು ಕೇಳುತ್ತಾನೆ ಎಂದಷ್ಟೇ ಆಯಿತು. ಹಾಕುವ ಕೈಗಳು ಈಗ ಅಪರೂಪ. ಬಲ್ಲವರಿಗೆ ವಯಸ್ಸಾಗಿದೆ, ಮಕ್ಕಳು ಟೈಲು ಕೂರಿಸುವುದನ್ನು ಕಲಿತಿದ್ದಾರೆ. ಅವರನ್ನು ದೂರುವ ಹಕ್ಕು ನಮಗಿಲ್ಲ. ಕೆಲಸ ಕೊಡದೆ ಇದ್ದವರು ನಾವು.

ಬಾಡಿಗೆ ಮನೆಯಲ್ಲಿ ನೆಲ ಬದಲಿಸುವಂತಿಲ್ಲ. ಗೋಡೆಯಲ್ಲಿ ಮೂರಡಿಯಷ್ಟಾದರೂ ಕೇಳಬಹುದು. ಕರಾರು ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿ. ಬೀಗದ ಕೈ ಸಿಕ್ಕಿದ ಮೇಲೆ ಕೇಳಿದರೆ ಯಾರೂ ಕೇಳರು. ನಡುಮನೆಯ ಒಂದು ಗೋಡೆಯನ್ನಲ್ಲ, ನಾಲ್ಕು ಗೋಡೆಗಳಿಗೂ ಕಟ್ಟಿನಂತೆ ಸುತ್ತಲೂ ಬರಲಿ. ಮಿರುಗುವ ಬಣ್ಣ ಬೇಡ, ಮಂದವಾದದ್ದು ಇರಲಿ, ಒರೆಸಿದರೆ ಹೋಗದಂಥದು. ಅಂಗಡಿಯಲ್ಲಿ ಇಟ್ಟಿಗೆ ಕೆಂಪು, ಟೆರಾಕೋಟ ಎಂದರೆ ತೋರಿಸುತ್ತಾರೆ. ಹಾಳೆಯ ಮೇಲಿನ ಚೂರನ್ನು ನೋಡಿ ತೀರ್ಮಾನಿಸದೆ, ಒಂದು ರಟ್ಟಿಗೆ ಬಳಿದು, ಗೋಡೆಗೆ ಒರಗಿಸಿ, ಬೆಳಿಗ್ಗೆಯೊಮ್ಮೆ ರಾತ್ರಿ ದೀಪದಲ್ಲೊಮ್ಮೆ ನೋಡಬೇಕು. ಸುಣ್ಣಕ್ಕೆ ಕೆಂಪು ಪುಡಿ ಬೆರೆಸಿ ಬಳಿಯುವ ಹಳೆಯ ಕ್ರಮ ಇನ್ನೂ ಅಗ್ಗ. ಆದರೆ ಪ್ಲಾಸ್ಟಿಕ್ ಎಮಲ್ಷನ್ ಬಳಿದಿರುವ ಗೋಡೆಯ ಮೇಲೆ ಸುಣ್ಣ ಹಿಡಿಯದು, ಹಕ್ಕಳೆ ಏಳುತ್ತದೆ. ಅದು ಬರಿಯ ಗಾರೆಯ ಗೋಡೆಗೆ ಮಾತ್ರ.

ಮುಂದೆ ಬರುವ ಬಾಡಿಗೆದಾರರಿಗೆ ಕೆಂಪು ಹಿಡಿಸದಿದ್ದರೆ ಏನು ಮಾಡಬೇಕೆಂದು ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದು ಸಲ ಪ್ರೈಮರು, ಅದರ ಮೇಲೆ ಎರಡು ಸಲ ಬಿಳಿ. ಮೂರಡಿಯ ಪಟ್ಟಿಗೆ ಒಬ್ಬನ ಎರಡು ದಿನದ ಕೆಲಸ. ಆ ಖರ್ಚನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಲಿ. ಹೇಗೂ ಹಿಡಿದುಕೊಳ್ಳುತ್ತಾರೆ.